ಪೆರು ದೇಶದ ಲಿಮಾದಿಂದ ನಾಸ್ಕಾ ರೇಖೆಗಳವರೆಗೆ (ಮರುಭೂಮಿಯ ನೆಲದ ಮೇಲೆ ಹಿಂದಿನವರು ಬಿಡಿಸಿದ ದೈತ್ಯ ಚಿತ್ರಗಳು) ಆರು ಜನ ಸೈಕಲ್‌ನಲ್ಲಿ ಹೋಗ್ತಿದ್ದೇವೆ, ಮರುಭೂಮಿಗೆ ಯಾವ ಟೈರ್ ಒಳ್ಳೆಯದು?

ಟೈರ್ ವಿಷಯ ಬಿಡಿ. ಅಲ್ಲಿಗೆ ಹೋಗುವ ಪಾನ್‌ಅಮೆರಿಕಾನಾ ಹೆದ್ದಾರಿ ಡಾಂಬರು ರಸ್ತೆ, ಯಾವ ಟೈರಾದರೂ ನಡೆಯುತ್ತದೆ. ಲಿಮಾದಿಂದ ಯಾಕೆ ಹೊರಡ್ತೀರಿ, ಅದನ್ನು ಮೊದಲು ಹೇಳಿ.

ನಾವು ಹೋದಾಗಲೂ ಆರೇ ಜನ. ವಿಮಾನ ಇಳಿದದ್ದು ಲಿಮಾದಲ್ಲಿ, ಹಾಗಾಗಿ ಅಲ್ಲಿಂದಲೇ ದಕ್ಷಿಣಕ್ಕೆ ಹೊರಟೆವು. ಸುಮಾರು 450 ಕಿ.ಮೀ., ನಾಲ್ಕು ದಿನದ ಲೆಕ್ಕ. ದೂರ ನೋಡಿದ್ದೆವು, ಏರು ನೋಡಿದ್ದೆವು, ನೀರು ಎಲ್ಲೆಲ್ಲಿ ಸಿಗುತ್ತದೆ ಅಂತ ಬರೆದುಕೊಂಡಿದ್ದೆವು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಮಾತ್ರ ಒಬ್ಬರೂ ನೋಡಿರಲಿಲ್ಲ. ಆ ಕರಾವಳಿಯಲ್ಲಿ ಗಾಳಿ ಬರೋದು ಹೆಚ್ಚಾಗಿ ದಕ್ಷಿಣದಿಂದ. ಬೆಳಿಗ್ಗೆ ಸುಮ್ಮನಿರುತ್ತದೆ, ಬಿಸಿಲೇರಿದ ಹಾಗೆ ಜೋರಾಗುತ್ತದೆ. ದಾರಿಯಲ್ಲಿ ಸಿಗುವ ಪಿಸ್ಕೊ ಊರಿನ ಕಡೆ ಏಳುವ ಮರಳುಗಾಳಿಗೆ ಪರಾಕಾಸ್ ಅಂತ ಹೆಸರೇ ಇದೆ. ಅಂದರೆ ನಾವು ಆರಿಸಿಕೊಂಡ ದಿಕ್ಕಿನಲ್ಲಿ ದಿನಾ ಮಧ್ಯಾಹ್ನ ಗಾಳಿ ನೇರ ಮುಖಕ್ಕೆ. ಇದೇ ರಸ್ತೆಯಲ್ಲಿ ಉಲ್ಟಾ ಬಂದಿದ್ದರೆ ಅದೇ ಗಾಳಿ ಬೆನ್ನು ತಳ್ಳುತ್ತಿತ್ತು! ಬರೀ ದಿಕ್ಕು, ಅಷ್ಟೇ.

ನಾಲ್ಕನೇ ದಿನ ಇಕಾ ಊರು ಬಿಟ್ಟಾಗ ಎಂಟು ಗಂಟೆ. ಹನ್ನೊಂದರ ಹೊತ್ತಿಗೆ ಸಪಾಟು ರಸ್ತೆಯಲ್ಲೂ ಗಂಟೆಗೆ ಹತ್ತು ಕಿ.ಮೀ. ದಾಟಲಿಲ್ಲ. ಬಾಟಲಿ ಬಾಯಿಗಿಟ್ಟರೆ ನೀರಿಗಿಂತ ಮೊದಲು ಹಲ್ಲಿಗೆ ಮರಳು ಸಿಗುತ್ತಿತ್ತು. ಹಿಂದಿನವರಿಗೆ ಗಾಳಿ ಕಡಿಮೆ ತಾಗಲಿ ಅಂತ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು, ಸರದಿಯಂತೆ ಮುಂದೆ ಬರಬೇಕಿತ್ತು. ಆದರೆ ಗಟ್ಟಿಗರಿಬ್ಬರು ಮುಂದೆ ಹೋಗಿಬಿಟ್ಟರು, ಹಿಂದಿದ್ದ ಗೆಳತಿ ರಸ್ತೆ ಪಕ್ಕ ಕೂತು ಅತ್ತಳು. ಪಾಲ್ಪಾ ಊರು ಸೇರುವಷ್ಟರಲ್ಲಿ ಸಂಜೆ. ನಾಸ್ಕಾ ಊರಿಗೆ ಉಳಿದ 50 ಕಿ.ಮೀ. ಒಂದು ಪಿಕಪ್‌ನಲ್ಲಿ ಸೈಕಲ್ ಹೇರಿಕೊಂಡು ಹೋದೆವು. ಹೆದ್ದಾರಿ ಅಲ್ಲಿ ದೊಡ್ಡ ಹಲ್ಲಿಯ ಚಿತ್ರವನ್ನೇ ಸೀಳಿಕೊಂಡು ಹೋಗುತ್ತದೆ. ಅದನ್ನು ನೋಡಬೇಕೆಂದೇ ಅಷ್ಟು ದೂರ ಬಂದವರು ಕತ್ತಲಲ್ಲಿ ಅದನ್ನು ದಾಟಿದ್ದೆವು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮರುದಿನ ಮಧ್ಯಾಹ್ನ ಲಿಮಾಗೆ ವಾಪಸ್ ಬಸ್. ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಹೆದ್ದಾರಿ ಪಕ್ಕದ ಕಬ್ಬಿಣದ ವೀಕ್ಷಣಾ ಗೋಪುರಕ್ಕೆ ಓಡಿದೆವು. ಈ ರೇಖೆಗಳನ್ನು ಅಳೆದು ಕಾಯುವುದರಲ್ಲೇ ಬದುಕು ಸವೆಸಿದ ಮಾರಿಯಾ ರೈಕೆ ಕಟ್ಟಿಸಿದ್ದು. ಸಿಕ್ಕಿದ್ದು ಅರ್ಧ ಗಂಟೆ. ಕೆಳಗೆ 'ಕೈಗಳು' ಅನ್ನುವ ಚಿತ್ರ ಇದೆ, ಒಂದು ಕೈಗೆ ಐದು ಬೆರಳು, ಇನ್ನೊಂದಕ್ಕೆ ನಾಲ್ಕೇ. ಮೇಲಿನ ಕಂದು ಕಲ್ಲುಗಳನ್ನು ಆಯ್ದು ಪಕ್ಕಕ್ಕಿಟ್ಟಿದ್ದಾರೆ, ಅಡಿಯ ತಿಳಿ ಮಣ್ಣೇ ಗೆರೆ. ಮಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ ಎರಡು ಸಾವಿರ ವರ್ಷ ಉಳಿದಿದೆ. ಗೆರೆಗಳತ್ತ ಸೈಕಲ್ ಇಳಿಸೋದು ಇರಲಿ, ಕಾಲೂ ಇಡಬೇಡಿ. ಹೆಜ್ಜೆ ಗುರುತೂ ಹಾಗೇ ಉಳಿಯುತ್ತದೆ.

ಆದ್ದರಿಂದ ಲಿಮಾದಲ್ಲಿ ಸೈಕಲ್‌ಗಳನ್ನು ಬಸ್ಸಿಗೆ ಹಾಕಿ, ನಾಸ್ಕಾಗೆ ಹೋಗಿ ಮಲಗಿ. ಬೆಳಿಗ್ಗೆ ಐದಕ್ಕೆ ಉತ್ತರದ ಕಡೆ ಹೊರಡಿ. ಗೋಪುರ ಇಪ್ಪತ್ತು ಚಿಲ್ಲರೆ ಕಿ.ಮೀ. ಅಷ್ಟೇ. ಬಾಗಿಲು ತೆಗೆಯೋವರೆಗೆ ಕಾದರೂ ಪರವಾಗಿಲ್ಲ, ಆರೂ ಜನ ಒಟ್ಟಿಗೆ ಹತ್ತಿ.