ಧರ್ಮ ಯಾವ ವರ್ಗದ ಪರ?

ಪ್ರಶ್ನೆ: ದೇವರ ಮುಂದೆ ಎಲ್ಲರೂ ಸಮಾನರೆಂದು ಧರ್ಮಗಳು ಸಾರುತ್ತವೆ. ಆದರೂ ಒಂದೇ ಧರ್ಮದೊಳಗೆ ಸಿರಿವಂತರ ಪಂಥ, ಬಡವರ ಪಂಥ ಎಂದು ಬೇರೆಬೇರೆಯಾಗುವುದೇಕೆ? ಧರ್ಮವೆಂಬುದು ಬಡವರನ್ನು ಸುಮ್ಮನಿರಿಸುವ ಸಾಧನವೆಂಬ ಮಾತು ಎಷ್ಟರಮಟ್ಟಿಗೆ ನಿಜ?

ಉತ್ತರ: ಆ ಮಾತಿನಲ್ಲಿ ಅರ್ಧದಷ್ಟು ನಿಜವಿದೆ. ಧರ್ಮವನ್ನು ಜನತೆಯ ಅಫೀಮೆಂದು 1844ರಲ್ಲಿ ಬರೆದ ಮಾರ್ಕ್ಸ್, ಅಲ್ಲಿಯೇ ಅದನ್ನು ದಮನಿತ ಜೀವಿಯ ನಿಟ್ಟುಸಿರೆಂದೂ ಕರೆದಿದ್ದರು. ಒಂದೇ ಗ್ರಂಥ ಎರಡೂ ಆಗಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ಸ್ಪಷ್ಟ ಸಾಕ್ಷಿಯಿದೆ. ವೆಸ್ಟ್ ಇಂಡೀಸಿನ ಬ್ರಿಟಿಷ್ ವಸಾಹತುಗಳಲ್ಲಿದ್ದ ಗುಲಾಮರಿಗೆಂದೇ ಬೈಬಲ್ಲಿನ ಆಯ್ದ ಭಾಗಗಳ ಪುಸ್ತಕವೊಂದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೋಶೆಯು ತನ್ನ ಜನರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿ ತಂದ ಕಥೆಯನ್ನು ಅದರಿಂದ ತೆಗೆದುಹಾಕಲಾಗಿತ್ತು. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ, ಯೇಸುವಿನ ಸಂದೇಶವನ್ನು ಸಾರಿದ ಪೌಲನ ಉಪದೇಶ ಮಾತ್ರ ಭದ್ರವಾಗಿ ಉಳಿದಿತ್ತು. ಕತ್ತರಿ ಹಿಡಿದವರಿಗೆ ಆ ಕಥೆಯ ಬಲ ಚೆನ್ನಾಗಿ ತಿಳಿದಿತ್ತು. ಅಮೆರಿಕದ ಗುಲಾಮರಾದರೋ ಅದೇ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿ, ಹಾಡಾಗಿಸಿಕೊಂಡು, ತಮ್ಮ ಬಿಡುಗಡೆಯ ಆಸೆಯನ್ನು ಅದರಲ್ಲಿ ಕಾಪಿಟ್ಟುಕೊಂಡರು.

ಆದ್ದರಿಂದ ಒಂದು ಧರ್ಮ ಯಾವ ವರ್ಗದ ಪರ ನಿಂತಿದೆಯೆಂದು ತಿಳಿಯಲು ಅದರ ಗ್ರಂಥವನ್ನಷ್ಟೇ ಓದಿದರೆ ಸಾಲದು. ಗ್ರಂಥವನ್ನು ಓದಿ ಅರ್ಥ ಹೇಳುವವರು ಯಾರು, ಮುಂದಿನ ಸಾಲು ಯಾರಿಗೆ, ದೀಕ್ಷೆ ಯಾರಿಗೆ, ಹಣದ ಲೆಕ್ಕ ಯಾರ ಕೈಯಲ್ಲಿ ಎಂಬುದನ್ನು ನೋಡಬೇಕು.

ಪಂಥಗಳು ಒಡೆಯುವುದಕ್ಕೂ ಕಾರಣ ಹಲವು ಸಲ ಇಲ್ಲೇ ಸಿಗುತ್ತದೆ. 18ನೆಯ ಶತಮಾನದ ಇಂಗ್ಲೆಂಡಿನ ಅನೇಕ ಚರ್ಚುಗಳಲ್ಲಿ ಅನುಕೂಲಸ್ಥ ಕುಟುಂಬಗಳು ಬಾಡಿಗೆ ಕೊಟ್ಟು ಆಸನಗಳನ್ನು ತಮ್ಮದಾಗಿಸಿಕೊಳ್ಳುತ್ತಿದ್ದವು. ಬಾಗಿಲಿಟ್ಟು ಮುಚ್ಚುವ ಆಸನಗಳೂ ಇದ್ದವು. ಇಂಥ ಕಾಲದಲ್ಲಿ, 1739ರಲ್ಲಿ, ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಗಾರರಿಗೆ ಬಯಲಿನಲ್ಲೇ ನಿಂತು ಬೋಧಿಸಿದರು. ಹೀಗೆ ಬೆಳೆದ ಮೆಥಡಿಸ್ಟ್ ಪಂಥ ದುಡಿಮೆ ಮತ್ತು ಮಿತವ್ಯಯವನ್ನು ಕಲಿಸಿತು. ಆ ಗುಣಗಳಿಂದಲೇ ಅನುಯಾಯಿಗಳು ಸಿರಿವಂತರಾಗಿ, ಸಿರಿಯಿಂದ ಭಕ್ತಿ ಕುಂದೀತೆಂದು ಸ್ವತಃ ವೆಸ್ಲಿಯವರೇ ಕಳವಳಪಟ್ಟಿದ್ದರು. ಕಳವಳ ಸುಳ್ಳಾಗಲಿಲ್ಲ. ಪಂಥವು ಮಧ್ಯಮವರ್ಗದತ್ತ ಸರಿಯುತ್ತ ಬಂದಂತೆ, ಹಿಂದೆ ಮೆಥಡಿಸ್ಟ್ ಬೋಧಕರಾಗಿದ್ದ ವಿಲಿಯಂ ಬೂತ್ 1865ರಲ್ಲಿ ಪೂರ್ವ ಲಂಡನ್ನಿನ ಕಡುಬಡವರ ನಡುವೆ ಹೊಸದಾಗಿ ಕೆಲಸ ಆರಂಭಿಸಿದರು. ಅದೇ ಮುಂದೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯಾಯಿತು.

ಇದು ಕ್ರೈಸ್ತರಿಗಷ್ಟೇ ಸೀಮಿತವಲ್ಲ. ಹಜ್ ಯಾತ್ರೆಯಲ್ಲಿ ಗಂಡಸರೆಲ್ಲರೂ ಹೊಲಿಗೆಯಿಲ್ಲದ ಎರಡೇ ಬಟ್ಟೆ ಧರಿಸುತ್ತಾರೆ. ತಂಗುವ ವಸತಿ ಮಾತ್ರ ಅವರವರ ಹಣಕ್ಕೆ ತಕ್ಕಂತೆ ಇರುತ್ತದೆ. ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಶಾಕ್ಯ ರಾಜಕುಮಾರರು ತಮ್ಮ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಬೇಕೆಂದು ಬುದ್ಧನನ್ನು ಬೇಡಿಕೊಳ್ಳುವ ಪ್ರಸಂಗವಿದೆ. ಸಂಘದಲ್ಲಿ ಹಿರಿತನ ನಿರ್ಧಾರವಾಗುವುದು ದೀಕ್ಷೆಯ ಕ್ರಮದಿಂದ. ಹಾಗಾಗಿ ರಾಜಕುಮಾರರೇ ಉಪಾಲಿಗೆ ಕೈಮುಗಿಯಬೇಕಾಯಿತು. ಸಮಾನತೆಯನ್ನು ಉಪದೇಶದಲ್ಲಿ ಬಿಡದೆ ನಿಯಮವನ್ನಾಗಿಸಿದ ಈ ಪ್ರಸಂಗ ನನಗೆ ಅತ್ಯಂತ ಪ್ರಿಯವಾದದ್ದು. ಆದರೆ ಅದೇ ಪರಂಪರೆಗೆ ಸೇರಿದ ಶ್ರೀಲಂಕಾದ ಸಿಯಾಮ್ ನಿಕಾಯವು (ನಿಕಾಯವೆಂದರೆ ಭಿಕ್ಷುಗಳ ಪಂಗಡ) 18ನೆಯ ಶತಮಾನದಲ್ಲಿ ಭೂಒಡೆತನವಿದ್ದ ಗೋವಿಗಮ ಜಾತಿಯವರಿಗಷ್ಟೇ ಉನ್ನತ ದೀಕ್ಷೆ, ಅಂದರೆ ಪೂರ್ಣ ಭಿಕ್ಷುವಾಗುವ ದೀಕ್ಷೆ, ಎಂದು ಕಟ್ಟುಮಾಡಿತು. ಹೊರಗುಳಿದ ಜಾತಿಗಳ ಭಿಕ್ಷುಗಳು ಧರ್ಮವನ್ನು ತೊರೆಯಲಿಲ್ಲ. ಸಮುದ್ರ ದಾಟಿ ಬರ್ಮಾದಲ್ಲಿ ದೀಕ್ಷೆ ಪಡೆದು, 19ನೆಯ ಶತಮಾನದ ಆರಂಭದಲ್ಲಿ ಅಮರಪುರ ನಿಕಾಯವೆಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು.