ತಾಯಿ-ಕೂಸು: ಓದುಗರ ಪ್ರಶ್ನೆ

ಪ್ರಶ್ನೆ: ನೂರು ವರ್ಷದ ಹಿಂದೆ ವಿಲಾಯತಿಯಲ್ಲಿ ಪುರಸಭೆಯವರೇ ತಾಯಿ-ಕೂಸಿನ ದವಾಖಾನೆ ನಡೆಸುತ್ತಿದ್ದರಂತೆ, ಆದರೆ ಔಷಧ ಕೊಡುತ್ತಿರಲಿಲ್ಲವಂತೆ. ಮತ್ತೇನು ಮಾಡುತ್ತಿದ್ದರು?
– ಓದುಗರು, ಬೆಟಗೇರಿ

ಉತ್ತರ: ತೂಕ ನೋಡುತ್ತಿದ್ದರು. ಜಡ್ಡಾದ ಕೂಸನ್ನು ಬಹುತೇಕ ಬೇರೆ ವೈದ್ಯರ ಕಡೆ ಕಳಿಸುತ್ತಿದ್ದರು. 1892ರಲ್ಲಿ ಪ್ಯಾರಿಸ್ಸಿನ ಹೆರಿಗೆ ವೈದ್ಯ ಪಿಯೆರ್ ಬ್ಯುದಾಂ, ತಮ್ಮ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರನ್ನು ಮತ್ತೆ ಮತ್ತೆ ಕರೆಸಿ, ಗಟ್ಟಿಮುಟ್ಟಾದ ಕೂಸನ್ನೂ ತೂಗಿ ಬರೆದಿಡುವ ರೂಢಿ ಹಾಕಿದರು. ಕೂಸು ಸೊರಗಿದ್ದು ಕಣ್ಣಿಗೆ ಬೀಳುವ ಮೊದಲೇ ತಕ್ಕಡಿ ಹೇಳುತ್ತದೆ.

ಎದೆಹಾಲಿಲ್ಲದ ಕೂಸುಗಳಿಗಾಗಿ 1899ರಲ್ಲಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪುರಸಭೆ ಹಾಲಿನ ಕೇಂದ್ರ ತೆರೆಯಿತು. ದಿನಕ್ಕೆ ಎಷ್ಟು ಸಲ ಊಡಿಸಬೇಕೋ ಅಷ್ಟು ಬಾಟಲಿ. ಒಂದೊಂದರಲ್ಲೂ ಒಂದೇ ಹೊತ್ತಿನ ಹಾಲು, ಬಿಸಿಯಲ್ಲಿ ಕ್ರಿಮಿ ಕೊಂದು ಬಾಯಿ ಮುಚ್ಚಿದ್ದು. ಮಿಕ್ಕಿದ್ದನ್ನು ಮುಂದಿನ ಹೊತ್ತಿಗೆ ಇಡಬಾರದೆಂಬುದೇ ಇದರ ಗುಟ್ಟು. ಆಗ ಮನೆಮನೆಯಲ್ಲಿದ್ದ ಉದ್ದ ರಬ್ಬರ್ ನಳಿಗೆಯ ಬಾಟಲಿಗೆ ಆ ಹಾಲು ಸುರಿದರೆ ಎಲ್ಲಾ ಕೆಟ್ಟಿತು: ನಳಿಗೆಯೊಳಗೆ ಬ್ರಷ್ ಹೋಗದು, ಅಂಟಿದ ಹಾಲು ಹುಳಿತು ಬೇಸಿಗೆಯಲ್ಲಿ ವಾಂತಿಭೇದಿ ಹತ್ತುತ್ತಿತ್ತು.

ನನ್ನ ಮಟ್ಟಿಗೆ ಹಾಲಿಗಿಂತ ದೊಡ್ಡ ಹೆಜ್ಜೆ ಇಂಗ್ಲೆಂಡಿನ 1907ರ ಜನನ ಸೂಚನೆ ಕಾಯ್ದೆ. ಅದನ್ನು ಒಪ್ಪಿಕೊಂಡ ಊರಲ್ಲಿ ಹೆರಿಗೆಯಾದ 36 ತಾಸಿನೊಳಗೆ ಆರೋಗ್ಯಾಧಿಕಾರಿಗೆ ಸುದ್ದಿ ಮುಟ್ಟಬೇಕಿತ್ತು. ದವಾಖಾನೆಗೆ ಬಾರದ ಬಾಣಂತಿಯ ಮನೆಗೂ ಆಗ ಆರೋಗ್ಯ ಸಂದರ್ಶಕಿ ಹೋಗುವಂತಾಯಿತು. ನಮ್ಮ ಆಶಾ ಕಾರ್ಯಕರ್ತೆ ಮನೆಗೆ ಬರುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಎರಡು ತಿಂಗಳ ಕೂಸು. ಹೋದ ಸಲಕ್ಕಿಂತ 150 ಗ್ರಾಂ ಕಡಿಮೆ ಬಂದಿದೆ. ಎಮ್ಮೆ ಹಾಲಿಗೆ ನೀರು ಬೆರೆಸಿ ಬಾಟಲಿ ಹಿಡಿಸು ಅನ್ನುತ್ತಾರೆ ಅತ್ತೆ.
– ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಬಾಟಲಿ ಬೇಡ. ಇವತ್ತೇ ಮತ್ತೊಮ್ಮೆ ತೂಗಿಸಿರಿ. ಅದೇ ತಕ್ಕಡಿ ಇರಲಿ, ಮುಳ್ಳು ಸೊನ್ನೆಗೆ ನಿಂತಿರಲಿ. ಕುಲಾಯಿ, ಅಂಗಿ, ಒದ್ದೆ ಬಟ್ಟೆ, ಕಾಲ್ಗಡಗ ಎಲ್ಲಾ ತೆಗೆಯಿರಿ. ಹೋದ ಸಲ ಇವನ್ನೆಲ್ಲ ತೊಡಿಸಿಯೇ ತೂಗಿದ್ದರೆ ವ್ಯತ್ಯಾಸ ಅಲ್ಲೇ ಇರಬಹುದು. ಆದರೂ ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 25–30 ಗ್ರಾಂ ಏರಬೇಕು. ಹಾಗಾಗಿ ಏರದೆ ನಿಂತಿದ್ದರೂ, ಇಳಿದಿದ್ದರೂ, ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೂ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿರಿ. ಎಮ್ಮೆ ಹಾಲಿನ ಪ್ರೋಟೀನ್, ಲವಣ ಎಳೆ ಮೂತ್ರಪಿಂಡಕ್ಕೆ ಭಾರ. ನೀರು ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ. ಮೇಲುಹಾಲು ಬೇಕೇ ಬೇಕೆಂದು ವೈದ್ಯರು ಹೇಳಿದರೆ, ಅವರು ಹೇಳಿದ್ದನ್ನೇ ತೊಳೆದು ಕುದಿಸಿದ ವಾಟಿ-ಚಮಚದಲ್ಲಿ ಕೊಡಿರಿ.