ನೊರೆ ಬಂತು, ಕೊಳೆ ಹೋಯಿತೇ?

ಓದುಗರ ಪತ್ರ

"ಸಂಪಾದಕರಿಗೆ ನಮಸ್ಕಾರ. ನಮ್ಮದು ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿ ಹಳೆಯ ಕಟ್ಟಡದೊಳಗಿನ ಮನೆ. ಸೊಸೆ ಮೊಬೈಲಿನಲ್ಲಿ ವಿಡಿಯೊ ನೋಡಿ ಫಿನಾಯಿಲ್, ಪಾತ್ರೆ ತೊಳೆಯುವ ದ್ರವ ಎಲ್ಲವನ್ನೂ ಹೊರಗೆ ಹಾಕಿದ್ದಾಳೆ. ಈಗ ಅಡುಗೆ ಸೋಡಾ, ವಿನೆಗರ್, ನಿಂಬೆರಸ ಮೂರನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿಟ್ಟು ಎಲ್ಲದಕ್ಕೂ ಅದನ್ನೇ ಸಿಂಪಡಿಸುತ್ತಾಳೆ. ಅಡುಗೆ ಕಟ್ಟೆಯ ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ ಮಚ್ಚೆ ಬಿದ್ದಿದೆ, ಜಿಡ್ಡು ಮಾತ್ರ ಹಾಗೆಯೇ ಇದೆ. ಕೇಳಿದರೆ 'ಅತ್ತೆ, ಇದರಲ್ಲಿ ಕೆಮಿಕಲ್ ಇಲ್ಲ, ಮಗುವಿಗೆ ಒಳ್ಳೆಯದು' ಎನ್ನುತ್ತಾಳೆ. ಮೊಮ್ಮಗ ಅಂಬೆಗಾಲಿಡುತ್ತಿದ್ದಾನೆ, ಹಾಗಾಗಿ ಗಟ್ಟಿಯಾಗಿ ಹೇಳಲು ನನಗೂ ಬಾಯಿ ಬರುವುದಿಲ್ಲ. ಚೌತಿ ಹತ್ತಿರ ಬಂತು, ದೀಪ ಬೆಳಗಬೇಕು. ಬಚ್ಚಲ ಗೋಡೆಗೆ ಬೂಷ್ಟು ಹಿಡಿದಿದೆ. ಯಾರ ಮಾತು ಸರಿ, ನೀವೇ ಹೇಳಿ. ಹೆಸರು ಹಾಕಬೇಡಿ, ಸೊಸೆಯೂ ನಿಮ್ಮ ಪತ್ರಿಕೆ ಓದುತ್ತಾಳೆ."

ಸಂಪಾದಕರ ಉತ್ತರ

ಅಕ್ಕ, ನಮಸ್ಕಾರ.

ಅತ್ತೆ ಸೊಸೆಯರ ನಡುವೆ ತೀರ್ಪು ಕೊಟ್ಟು ಬದುಕಿ ಉಳಿದ ಸಂಪಾದಕರನ್ನು ನಾನು ಕಂಡಿಲ್ಲ. ಆದ್ದರಿಂದ ತೀರ್ಪನ್ನು ಆ ಬಾಟಲಿಯ ಮೇಲೆ ಕೊಡುತ್ತೇನೆ. ಅದು ಮಾತಾಡುವುದಿಲ್ಲ.

ಮೊದಲು ನಿಮ್ಮ ಸೊಸೆಯ ಪರವಾಗಿ ಒಂದು ಮಾತು. ಡೊಂಬಿವಲಿಯಲ್ಲಿ ಸಂಸಾರ ಮಾಡುವವರಿಗೆ 'ಕೆಮಿಕಲ್' ಎಂದರೆ ಅಂಜಿಕೆ ಇರುವುದು ಸಹಜ. 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಜನ ಸತ್ತರು, ಸುತ್ತಲಿನ ಮನೆಗಳ ಗಾಜು ಒಡೆದವು. ಅಂಥ ಊರಿನಲ್ಲಿ ಎಳೆಯ ಮಗುವಿನ ತಾಯಿ ಬಣ್ಣಬಣ್ಣದ ಬಾಟಲಿಗಳನ್ನು ಅನುಮಾನದಿಂದ ನೋಡಿದರೆ ನಾನು ನಗಲಾರೆ. ಆದರೆ ಅವರು ನಂಬಿರುವ ಅಡುಗೆ ಸೋಡಾ ಕೂಡ ಕಾರ್ಖಾನೆಯಿಂದಲೇ ಬರುವುದು. ಗುಜರಾತಿನ ಮೀಠಾಪುರದಲ್ಲಿ 1939ರಲ್ಲಿ ಶುರುವಾದ ಟಾಟಾ ಕೆಮಿಕಲ್ಸ್ ಸಮುದ್ರದ ಉಪ್ಪಿನಿಂದ ಸೋಡಾ ತಯಾರಿಸುತ್ತದೆ. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಬಾಟಲಿಯ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ: ಬಹುಪಾಲು ಬಾಟಲಿಗಳ ಮೇಲೆ 'ಸಿಂಥೆಟಿಕ್' ಎಂದೇ ಇರುತ್ತದೆ. ಅದು ನೀರಿನಲ್ಲಿ ತೆಳುಗೊಳಿಸಿದ ಅಸಿಟಿಕ್ ಆಮ್ಲ. ಬಳಸಬಾರದೆಂದು ನಾನು ಹೇಳುತ್ತಿಲ್ಲ. ಎಲ್ಲಿಂದ ಬಂತು ಎನ್ನುವುದನ್ನು ಬಿಟ್ಟು ಏನು ಮಾಡುತ್ತದೆ ಎಂದು ನೋಡೋಣ.

ಆ ಬಾಟಲಿ ಜಿಡ್ಡಿಗೆ ಏನೂ ಮಾಡುವುದಿಲ್ಲ. ವಿನೆಗರ್ ಮತ್ತು ನಿಂಬೆರಸ ಹುಳಿ, ಅಂದರೆ ಆಮ್ಲ. ಸೋಡಾ ಕ್ಷಾರ. ಎರಡನ್ನೂ ಕೂಡಿಸಿದರೆ ಬುಸ್ಸೆಂದು ನೊರೆ ಏಳುತ್ತದೆ, ವಿಡಿಯೊದಲ್ಲಿ ಬಲು ಚೆನ್ನಾಗಿ ಕಾಣುತ್ತದೆ. ಆ ನೊರೆ ಇಂಗಾಲದ ಡೈಆಕ್ಸೈಡ್ ಅನಿಲ, ಹೊರಟುಹೋಗುತ್ತದೆ. ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಒಂದು ಬಗೆಯ ಉಪ್ಪು. ಲೆಕ್ಕ ಬೇಕೆಂದರೆ, ಶೇ 5ರ ವಿನೆಗರ್ 100 ಮಿಲಿಲೀಟರಿನ ಹುಳಿಯನ್ನು ಪೂರ್ತಿ ಕೊಲ್ಲಲು 7 ಗ್ರಾಂ ಸೋಡಾ ಸಾಕು, ಸುಮಾರು ಒಂದೂವರೆ ಚಮಚ. ಅಳತೆ ಸರಿಯಾಗಿ ಬಿದ್ದ ದಿನ ನಿಮ್ಮ ಸೊಸೆ ಜಿಡ್ಡಿಗೆ ಸಿಂಪಡಿಸುತ್ತಿರುವುದು ಉಪ್ಪುನೀರು. ಹುಳಿ ಹೆಚ್ಚಾದ ದಿನ ಅದು ಕಲ್ಲನ್ನು ತಿನ್ನುತ್ತದೆ. ಜಿಡ್ಡು ಎರಡೂ ದಿನ ಅಲ್ಲಿಯೇ ಕುಳಿತಿರುತ್ತದೆ. ಅಂದಹಾಗೆ, ಹೀಗೆ ಬೆರೆಸಿದ್ದನ್ನು ನೊರೆ ಇಳಿಯುವ ಮೊದಲೇ ಮುಚ್ಚಳ ಬಿಗಿದು ಇಡಬಾರದು. ಒಳಗಿನ ಅನಿಲಕ್ಕೆ ದಾರಿ ಸಿಗದೆ ಬಾಟಲಿ ಸಿಡಿಯಬಹುದು. ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಹಾಕಿ ಮೂರು ತಿಂಗಳು ಹುದುಗಿಸುವ 'ಬಯೋ ಎಂಜೈಮ್' ಎಂಬುದು ಈಗ ಮನೆಮನೆಯಲ್ಲಿ ನಡೆದಿದೆ. ಅದಕ್ಕೂ ಇದೇ ಎಚ್ಚರಿಕೆ: ಗಾಜಿನ ಬಾಟಲಿ ಬೇಡ, ಮೊದಲ ತಿಂಗಳು ಆಗಾಗ ಮುಚ್ಚಳ ಸಡಿಲಿಸಬೇಕು. ಅಷ್ಟೆಲ್ಲ ಕಾದ ಮೇಲೆ ಕೈಗೆ ಸಿಗುವುದು ಹೆಚ್ಚುಕಡಿಮೆ ಮನೆಯಲ್ಲೇ ಮಾಡಿದ ತೆಳು ವಿನೆಗರ್. ಸಿಪ್ಪೆ ಕಸದ ಬುಟ್ಟಿಗೆ ಹೋಗುವುದು ತಪ್ಪಿತಲ್ಲ ಎಂಬ ಸಂತೋಷಕ್ಕೆ ಮಾಡುವುದಾದರೆ ನನ್ನ ತಕರಾರಿಲ್ಲ.

ಈಗ ನಿಮ್ಮ ಕಟ್ಟೆ. ಹಳೆಯ ಕಟ್ಟಡ, ಕಪ್ಪು ಕಲ್ಲು ಎಂದಿದ್ದೀರಿ. ಅದು ಗ್ರಾನೈಟ್ ಅಲ್ಲ, ಕಡಪ ಕಲ್ಲೇ ಇರಬೇಕು. ಈ ಕಡೆಯ ಹಳೆಯ ಅಡುಗೆಮನೆಗಳಲ್ಲಿ ಅದೇ ಹೆಚ್ಚು. ಕಡಪ, ಕೋಟಾ, ಅಮೃತಶಿಲೆ ಮೂರೂ ಸುಣ್ಣದ ಕುಲದವು, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಬಿದ್ದಲ್ಲಿ ಮೇಲ್ಪದರ ಕರಗಿ ಹೊಳಪು ಸಾಯುತ್ತದೆ. ನೀವು ಕಾಣುತ್ತಿರುವ ಬಿಳಿ ಮಚ್ಚೆ ಕೊಳೆಯಲ್ಲ, ಕಲ್ಲಿಗೆ ಆದ ಗಾಯ. ಅದನ್ನು ಹೋಗಿಸಲೆಂದು ಇನ್ನಷ್ಟು ನಿಂಬೆ ಉಜ್ಜಿದರೆ ಗಾಯ ದೊಡ್ಡದಾಗುತ್ತದೆ. ಅನುಮಾನವಿದ್ದರೆ ಸಿಲಿಂಡರ್ ಹಿಂದಿನ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷದ ನಂತರ ಒರೆಸಿ ನೋಡಿ. ಮಂಕಾದರೆ ಸುಣ್ಣದ ಕಲ್ಲು. ಕೊಬ್ಬರಿ ಎಣ್ಣೆ ಸವರಿದರೆ ಮಚ್ಚೆ ಕೆಲವು ದಿನ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ನಿಜವಾದ ಪರಿಹಾರ ಪಾಲಿಶ್ ಯಂತ್ರದವನು. ಚೌತಿಯ ಮುಂಚೆ ಅವನು ಸಿಗುವುದು ಕಷ್ಟ, ಹಬ್ಬ ಮುಗಿಸಿ ಕರೆಯಿರಿ. ಹಳೆಯ ಮನೆಗಳ ಮೊಸಾಯಿಕ್ ನೆಲದಲ್ಲೂ ಅಮೃತಶಿಲೆಯ ಚೂರುಗಳಿರುತ್ತವೆ, ಟೈಲ್ಸ್ ಸಂದಿನ ಸಿಮೆಂಟಿಗೂ ಹುಳಿ ಆಗದು. ಆ ಬಾಟಲಿಯನ್ನು ನೆಲಕ್ಕೆ ಇಳಿಸಬೇಡಿ.

ಹಾಗಾದರೆ ಜಿಡ್ಡಿಗೆ ಏನು? ನಮ್ಮ ಅಜ್ಜಿಯರು ಒಲೆಯ ಬೂದಿ, ತೆಂಗಿನ ನಾರು ಹಿಡಿದು ಪಾತ್ರೆ ಉಜ್ಜುತ್ತಿದ್ದರು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಅದು ಕ್ಷಾರ. ಎಣ್ಣೆ ಜಿಡ್ಡಿನ ಜೊತೆ ಸೇರಿ ಸ್ವಲ್ಪ ಸೋಪನ್ನೇ ಹುಟ್ಟಿಸುತ್ತದೆ. ಜಿಡ್ಡಿಗೆ ಕ್ಷಾರ ಬೇಕು, ಹುಳಿ ಅಲ್ಲ. ಡೊಂಬಿವಲಿಯಲ್ಲಿ ಒಲೆಯ ಬೂದಿ ಎಲ್ಲಿಂದ ತರುತ್ತೀರಿ? ಅದರ ಕೆಲಸವನ್ನು ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ, ಮಾಡುತ್ತದೆ. ಎಕ್ಸಾಸ್ಟ್ ಫ್ಯಾನಿನ ಎಲೆಗಳನ್ನು ಬಿಚ್ಚಿ, ಬಿಸಿನೀರಿಗೆ ಎರಡು ಚಮಚ ಬಟ್ಟೆ ಸೋಡಾ ಕದಡಿ ಅರ್ಧ ಗಂಟೆ ನೆನೆಸಿ. ಹಳದಿ ಅಂಟು ಮೆತ್ತಗಾಗಿ ಬ್ರಷ್‌ಗೆ ಬರುತ್ತದೆ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಮನೆಗೆಲಸದವರಿಂದ ಮಾಡಿಸುವುದಾದರೆ ಗ್ಲೌಸ್ ಅವರ ಕೈಗೂ ಇರಲಿ. ಈ ಮಾತನ್ನು ಯಾವ ವಿಡಿಯೊದಲ್ಲೂ ಕೇಳಿದ ನೆನಪಿಲ್ಲ. ಆದರೆ ಫ್ಯಾನಿನ ಎಲೆ ಅಲ್ಯುಮಿನಿಯಂನದಾದರೆ ಬಟ್ಟೆ ಸೋಡಾ ಮುಟ್ಟಿಸಬೇಡಿ, ಕ್ಷಾರಕ್ಕೆ ಅಲ್ಯುಮಿನಿಯಂ ಕಪ್ಪಾಗುತ್ತದೆ. ಕುಕ್ಕರ್ ಒಳಗೆ ಹಿಡಿಯುವ ಕಪ್ಪಿಗೆ ಮಾತ್ರ ಹುಳಿಯೇ ಮದ್ದು: ಹಿಂಡಿದ ನಿಂಬೆ ಸಿಪ್ಪೆ ಹಾಕಿ ಹತ್ತು ನಿಮಿಷ ನೀರು ಕುದಿಸಿದರೆ ಬೆಳ್ಳಗಾಗುತ್ತದೆ. ದಿನದ ಪಾತ್ರೆಗೆ ಸೋಪನ್ನು ವಾಪಸ್ ತನ್ನಿ. ಮೀನು ಹೆಚ್ಚಿದ ಹಲಗೆಯನ್ನು ವಿನೆಗರ್ ಒರೆಸಿ ಸ್ವಚ್ಛವಾಯಿತು ಎಂದುಕೊಳ್ಳಬೇಡಿ. ಅದು ಭರವಸೆ ಇಡಬಹುದಾದ ರೋಗಾಣುನಾಶಕವಲ್ಲ.

ನಲ್ಲಿ, ಗೀಸರ್, ಬಕೆಟ್ಟಿನ ಅಂಚಿಗೆ ಹಿಡಿಯುವ ಬಿಳಿ ಪದರ ವಿನೆಗರ್‌ನ ನಿಜವಾದ ಕ್ಷೇತ್ರ. ಉಲ್ಹಾಸ್ ನದಿಯ ನೀರು ಬರುವಷ್ಟು ದಿನ ಅಂಥ ತೊಂದರೆ ಇರುವುದಿಲ್ಲ. ನೀರು ನಿಂತು ಬೋರ್‌ವೆಲ್ಲಿನ ಟ್ಯಾಂಕರ್ ಕಟ್ಟಡದ ಗೇಟಿಗೆ ಬಂದ ವಾರ ಶವರಿನ ತೂತುಗಳು ಮುಚ್ಚತೊಡಗುತ್ತವೆ. ಅದು ಸುಣ್ಣ, ಹುಳಿಗೆ ಕರಗುತ್ತದೆ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಇನ್ನೂ ಅಗ್ಗಕ್ಕೆ ಬೇಕೆಂದರೆ ಸಿಟ್ರಿಕ್ ಆಮ್ಲದ ಹರಳು ತನ್ನಿ. ಗುಜರಾತಿ ಕಿರಾಣಿಯವರನ್ನು 'ಲಿಂಬು ನಾ ಫೂಲ್' ಎಂದು ಕೇಳಿದರೆ ಕೊಡುತ್ತಾರೆ. ವಾಸನೆಯೂ ಇಲ್ಲ.

ಇನ್ನು ಚೌತಿಯ ದೀಪ. ಈ ಕೆಲಸದಲ್ಲಿ ನನಗೆ ಆಸಕ್ತಿ ಹೆಚ್ಚು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹಿತ್ತಾಳೆ ದೀಪಕ್ಕೆ ನೇರವಾಗಿ ಹುಣಸೆಹಣ್ಣು ಹಚ್ಚಿ ತೋಳು ಸೋಲುವವರೆಗೆ ಉಜ್ಜುವವರೇ ಹೆಚ್ಚು. ದೀಪದ ಮೇಲಿರುವುದು ಎರಡು ಬಗೆಯ ಕೊಳೆ. ಮೇಲೆ ಎಣ್ಣೆ, ಮಸಿ ಸೇರಿ ಗಟ್ಟಿಯಾದ ಜಿಡ್ಡು. ಅದರ ಕೆಳಗೆ ಲೋಹದ ಕಿಲುಬು. ಜಿಡ್ಡು ಇರುವವರೆಗೆ ಹುಳಿ ಲೋಹವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ದೀಪದ ತಿರುಪುಗಳನ್ನು ಬಿಚ್ಚಿ, ತಟ್ಟೆ, ಕಂಬ, ಬುಡ ಬೇರೆಬೇರೆ ಮಾಡಿ, ಮೊದಲು ಬಿಸಿ ಸೋಪಿನ ನೀರಿನಲ್ಲಿ ನೆನೆಸಿ. ಬತ್ತಿ ಕೂರುವ ಮೂತಿಯ ಕಪ್ಪನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ನೀರು ಹನಿಹನಿಯಾಗಿ ನಿಲ್ಲದೆ ಸಲೀಸಾಗಿ ಹರಿದುಹೋದರೆ ಜಿಡ್ಡು ಹೋಗಿದೆ ಎಂದರ್ಥ. ಆಮೇಲೆ ಸಾರಿಗೆ ಕಿವುಚಿ ಉಳಿದ ಹುಣಸೆಯ ನಾರಿಗೆ ಒಂದು ಚಿಟಿಕೆ ಉಪ್ಪು ಸೇರಿಸಿ ಹಚ್ಚಿ. ಉಜ್ಜಬೇಕಾಗಿಯೇ ಇಲ್ಲ, ಕಂದು ಬಣ್ಣ ಕಣ್ಣೆದುರೇ ಸರಿದು ಹಳದಿ ಮೂಡುತ್ತದೆ. ಕರಾವಳಿಯಿಂದ ಬರುವವರು ಬಿಂಬುಳಿ ತಂದಿದ್ದರೆ ಹುಣಸೆಗಿಂತ ಅದು ಚುರುಕು. ಹುಳಿ ಮಜ್ಜಿಗೆಯೂ ನಡೆಯುತ್ತದೆ, ಸ್ವಲ್ಪ ನಿಧಾನ.

ಹುಳಿ ಹಚ್ಚಿ ಸ್ನಾನಕ್ಕೆ ಹೋಗಿಬಿಡಬೇಡಿ. ಹೊತ್ತು ಹೆಚ್ಚಾದರೆ ಹಿತ್ತಾಳೆಯ ಮೇಲ್ಮೈಯಿಂದ ಸತು ಹೊರಟು ತಾಮ್ರ ಉಳಿದು, ದೀಪ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎರಡು ಮೂರು ನಿಮಿಷ ಸಾಕು. ತೊಳೆದು, ಒಣಬಟ್ಟೆಯಿಂದ ಒರೆಸಿ, ಕೊನೆಗೆ ವಿಭೂತಿ ಹಾಕಿ ಮೆಲ್ಲಗೆ ತಿಕ್ಕಿ. ಮಳೆಗಾಲದ ಗಾಳಿಯಲ್ಲಿ ಹಸಿ ಬಿಟ್ಟ ದೀಪ ಸಂಜೆಯೊಳಗೆ ಮತ್ತೆ ಮಂಕಾಗುತ್ತದೆ. ಮೆರುಗೆಣ್ಣೆ ಲೇಪಿಸಿದ ಹೊಸ ವಿಗ್ರಹಗಳಿಗೆ ಹುಳಿ ಬೇಡ, ಒದ್ದೆ ಬಟ್ಟೆ ಸಾಕು.

ಬೆಳ್ಳಿಯ ವಿಷಯ ನೀವು ಕೇಳಿಲ್ಲ, ಆದರೂ ಹಬ್ಬಕ್ಕೆ ಹೊರತೆಗೆದೇ ತೆಗೆಯುತ್ತೀರಿ. ಪಾತ್ರೆಯ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಹಾಕಿ ಕುದಿಯುವ ನೀರು ಸುರಿಯಿರಿ. ಬೆಳ್ಳಿಯನ್ನು ಕಪ್ಪಾಗಿಸಿದ ಗಂಧಕ ಅದನ್ನು ಬಿಟ್ಟು ಅಲ್ಯುಮಿನಿಯಂ ಕಡೆಗೆ ಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ಸೊಸೆಯ ಸೋಡಾ ಇಲ್ಲಿ ಗೆಲ್ಲುತ್ತದೆ. ಕೆತ್ತನೆಯ ಸಂದಿನಲ್ಲಿ ಬೇಕೆಂದೇ ಕಪ್ಪು ಬಿಟ್ಟ ಒಡವೆಗೂ ಮುತ್ತು ಕೂರಿಸಿದ್ದಕ್ಕೂ ಇದನ್ನು ಮಾಡಬಾರದು. ರೇಷ್ಮೆ ಸೀರೆಗೆ ಅಂಟುವಾಳ. ಮುಂಬೈಯ ಮಾಟುಂಗದಲ್ಲಿರುವ ನಮ್ಮವರ ಅಂಗಡಿಗಳಲ್ಲಿ ಕೇಳಿ, ಮರಾಠಿ ಅಂಗಡಿಯಲ್ಲಾದರೆ 'ರಿಠಾ' ಎನ್ನಿ. ನೊರೆ ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಕುದಿಸಿದ ರಸ ಎರಡು ಮೂರು ದಿನಕ್ಕೆ ಹಳಸುತ್ತದೆ.

ಬಚ್ಚಲ ಬೂಷ್ಟು. ಇಲ್ಲಿ ನಾನು ಕೋಪದಿಂದ ಬರೆಯುತ್ತಿದ್ದೇನೆ ಎಂದರೂ ಸರಿಯೇ. ಬೂಷ್ಟನ್ನು ವಿನೆಗರ್ ಒರೆಸಿ ನೋಡುತ್ತಾರೆ, ಹೋಗುವುದಿಲ್ಲ. ಮೇಲಿಂದ ಬ್ಲೀಚ್ ಸುರಿಯುತ್ತಾರೆ. ಬ್ಲೀಚ್‌ಗೆ ಹುಳಿ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ಮುಂಬೈಯ ಬಚ್ಚಲು ಎಷ್ಟು ದೊಡ್ಡದು? ಬಾಗಿಲು ಹಾಕಿಕೊಂಡು ಕೂತು ಉಜ್ಜುವವರಿಗೆ ಉಸಿರು ಕಟ್ಟುತ್ತದೆ. ಶೌಚಾಲಯಕ್ಕೆ ಹಾಕುವ ಆಮ್ಲದ ದ್ರವವನ್ನೂ ಬ್ಲೀಚನ್ನೂ ಒಟ್ಟಿಗೆ ಬಳಸಿದರೆ ಇನ್ನೂ ಕೆಟ್ಟದು. ಒಂದು ಸಲಕ್ಕೆ ಒಂದೇ ವಸ್ತು, ನಡುವೆ ಧಾರಾಳ ನೀರು, ಬಾಗಿಲು ಕಿಟಕಿ ತೆರೆದಿರಲಿ. ಬೂಷ್ಟಿಗೆ ಸೋಪಿನ ನೀರಿನಿಂದ ಉಜ್ಜಿ, ಒಣಗಿಸಿ, ಸ್ನಾನವಾದ ಮೇಲೆ ಗೋಡೆಯ ನೀರನ್ನು ವೈಪರ್‌ನಿಂದ ಎಳೆಯಿರಿ. ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ. ಇಷ್ಟಾದರೂ ಅದೇ ಜಾಗದಲ್ಲಿ ಮರಳಿ ಬಂದರೆ ಮೇಲಿನ ಮನೆಯ ಕೊಳವೆ ಸೋರುತ್ತಿರಬಹುದು. ಅದಕ್ಕೆ ಅಡುಗೆಮನೆಯಲ್ಲಿ ಮದ್ದಿಲ್ಲ, ಸೊಸೈಟಿಯ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ದೂರು ಕೊಡಿ.

ಕೊನೆಗೆ ಮೊಮ್ಮಗ. ಅಂಬೆಗಾಲಿಡುವ ಮಗುವಿನ ನೆಲಕ್ಕೆ ಫಿನಾಯಿಲ್ ಬೇಡ ಎಂಬ ಸೊಸೆಯ ಮಾತಿಗೆ ನನ್ನ ಒಪ್ಪಿಗೆಯಿದೆ. ಒಂದು ಬಕೆಟ್ ನೀರಿಗೆ ಕೆಲವು ಹನಿ ಸೋಪು, ಮೇಲೊಮ್ಮೆ ಬರಿ ನೀರು, ಇಷ್ಟರಲ್ಲಿ ನೆಲ ಚೊಕ್ಕಟವಾಗುತ್ತದೆ. ಆದರೆ ಅಡುಗೆಮನೆಯದು, ದೇವರ ಕೋಣೆಯದು ಎಂಬ ಕಾರಣಕ್ಕೆ ಯಾವುದನ್ನೂ ಮಗುವಿನ ಕೈಗೆ ಎಟುಕುವಲ್ಲಿ ಇಡಬೇಡಿ. ಬಟ್ಟೆ ಸೋಡಾ ಬಾಯಿಗೆ ಹೋದರೆ ಸುಡುತ್ತದೆ. ಬೀರುವಿನ ನುಸಿಗುಳಿಗೆಯನ್ನು ಮಗು ನುಂಗಿದರೆ ರಕ್ತದ ಕೆಂಪುಕಣಗಳು ಒಡೆಯಬಹುದು. ಅದರ ಬದಲಿಗೆ ಒಣಗಿದ ಬೇವಿನೆಲೆ, ಲವಂಗದ ಗಂಟು ಇಡಿ. ಇರುವೆಗೆಂದು, ವಾಸನೆಗೆಂದು ಮೂಲೆಮೂಲೆಗೆ ಕರ್ಪೂರ ಇಡುವ ಉಪಾಯವೂ ವಿಡಿಯೊಗಳಲ್ಲಿ ಓಡಾಡುತ್ತಿದೆ, ಅದನ್ನು ಇಬ್ಬರೂ ಸೇರಿ ಇವತ್ತೇ ತೆಗೆಯಿರಿ. ಚಿಕ್ಕ ಮಕ್ಕಳಿಗೆ ಸ್ವಲ್ಪ ಕರ್ಪೂರ ನುಂಗಿದರೂ ಬೇಗನೆ ಸೆಳೆತ ಬರಬಹುದು. ಬಾಯಿಗೆ ಹಾಕಿದ್ದು ಕಂಡರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಓಡಿ. ಹಬ್ಬದ ಗಡಿಬಿಡಿಯಲ್ಲಿ ಆರತಿ ತಟ್ಟೆ ನೆಲದ ಮೇಲೆ ಇರುವುದೇ ಹೆಚ್ಚು, ಆದ್ದರಿಂದ ಕರ್ಪೂರದ ಡಬ್ಬಿಯನ್ನು ಈಗಲೇ ಮೇಲಿನ ಹಲಗೆಗೆ ಏರಿಸಿಬಿಡಿ.